ದಾಸವಾಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇವೆ. ಮುಂದಿನ ಉತ್ತರಗಳಲ್ಲಿ ಅರ್ಧದಷ್ಟು ಒಂದೇ ಸಂಗತಿಯ ಮೇಲೆ ನಿಂತಿವೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ದಾಸವಾಳದ ಮೊಗ್ಗು ಹುಟ್ಟುವುದು ಹೊಸ ಚಿಗುರಿನಲ್ಲಿ, ಎಲೆಯ ಕಂಕುಳಲ್ಲಿ. ಬಲಿತ ಹಳೆಯ ಕೊಂಬೆ ಹೂ ಕೊಡುವುದಿಲ್ಲ. ಕುಡಿ ಓಡುತ್ತಿದ್ದರೆ ಹೂ ಉಂಟು, ಕುಡಿ ನಿಂತರೆ ಹೂವೂ ನಿಂತಿತು.

## ಮೊದಲ ಪರಿಚಯ

ದಾಸವಾಳ ಅಂದರೆ ಒಂದೇ ಗಿಡಾನಾ, ಬೇರೆ ಬೇರೆ ಜಾತಿ ಇದೆಯಾ?

ಮನೆ ಮುಂದೆ ಸಾಮಾನ್ಯವಾಗಿ ಕಾಣುವ, ವರ್ಷವಿಡೀ ಹಸಿರಾಗಿರುವ ಗಿಡದ ಶಾಸ್ತ್ರೀಯ ಹೆಸರು ಹೈಬಿಸ್ಕಸ್ ರೋಸಾ-ಸೈನೆನ್ಸಿಸ್. ‘ಚೀನಾದ ಗುಲಾಬಿ’ ಎಂಬ ಅರ್ಥದ ಈ ಹೆಸರನ್ನು 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಕೊಟ್ಟ. ಗುಲಾಬಿಗೂ ಇದಕ್ಕೂ ನಂಟಿಲ್ಲ. ಇದು ಬೆಂಡೆ, ಹತ್ತಿ, ಪುಂಡಿ ಇರುವ ಮಾಲ್ವೇಸಿ ಕುಟುಂಬದ್ದು. ಬೆಂಡೆ ಹೂವನ್ನು ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆ ಅಲ್ಲೇ ಗೊತ್ತಾಗುತ್ತದೆ. ಮಲಯ (ಇಂದಿನ ಮಲೇಷ್ಯಾ) 1960ರಲ್ಲಿ ರಾಷ್ಟ್ರೀಯ ಹೂವಾಗಿ ಆರಿಸಿಕೊಂಡದ್ದು ಇದೇ ಕೆಂಪು ದಾಸವಾಳವನ್ನು.

ಹತ್ತಿರದ ಬಂಧುಗಳು ಹಲವಿವೆ. ಸೀಳುಸೀಳಾದ ಎಸಳುಗಳು ಹಿಂದಕ್ಕೆ ಮಡಚಿ, ಜುಮುಕಿಯಂತೆ ತೂಗುವುದು ಹೈಬಿಸ್ಕಸ್ ಸ್ಕೈಜೋಪೆಟಾಲಸ್, ಪೂರ್ವ ಆಫ್ರಿಕಾ ಮೂಲದ್ದು. ಬೆಳಿಗ್ಗೆ ಬೆಳ್ಳಗೆ ಅರಳಿ, ಮಧ್ಯಾಹ್ನಕ್ಕೆ ಗುಲಾಬಿಯಾಗಿ, ಸಂಜೆಗೆ ಕೆಂಪೇರುವುದು ಹೈಬಿಸ್ಕಸ್ ಮ್ಯೂಟಾಬಿಲಿಸ್. ಅಂಗೈಯಷ್ಟಗಲ, ಎರಡು ಮೂರು ಬಣ್ಣ ಬೆರೆತ ಹೂ ಬಿಡುವ ಹೈಬ್ರಿಡ್‌ಗಳು ಹಲವು ಜಾತಿಗಳನ್ನು ಬೆರೆಸಿ ಪಡೆದವು. ನಾಟಿ ದಾಸವಾಳಕ್ಕೂ ಹೈಬ್ರಿಡ್‌ಗೂ ಆರೈಕೆಯಲ್ಲಿ ವ್ಯತ್ಯಾಸವಿದೆ, ಅಲ್ಲಲ್ಲಿ ಹೇಳಿದ್ದೇವೆ.

ಹೂ ಒಂದೇ ದಿನಕ್ಕೆ ಮುದುಡಿ ಬೀಳುತ್ತದೆ. ಗಿಡದಲ್ಲಿ ಏನಾದರೂ ದೋಷವಾ?

ದೋಷವಲ್ಲ, ಅದರ ಸ್ವಭಾವ. ನಾಟಿ ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮಡಚಿಕೊಳ್ಳುತ್ತದೆ. ಕೆಲವು ಹೈಬ್ರಿಡ್‌ಗಳು ಎರಡು ದಿನ ನಿಲ್ಲುತ್ತವೆ, ತಂಪು ಹವೆಯಲ್ಲಿ ಮೂರನೆಯ ದಿನಕ್ಕೂ ಹೋಗುವುದುಂಟು. ಕಿತ್ತ ಹೂವಿಗೆ ನೀರು ಬೇಕಿಲ್ಲ. ನೀರಿನಲ್ಲಿಟ್ಟರೂ ಹಾಗೇ ಇಟ್ಟರೂ ಬಾಳುವುದು ಅಷ್ಟೇ ಹೊತ್ತು. ಸಂಜೆಯ ಹೊತ್ತಿಗೆ ಅರಳಿದ ಹೂ ಬೇಕೆಂದರೆ ಬೆಳಿಗ್ಗೆ ಆಗತಾನೇ ಬಿರಿದದ್ದನ್ನು ಕಿತ್ತು ಫ್ರಿಜ್‌ನಲ್ಲಿಟ್ಟು, ಬೇಕಾದಾಗ ಹೊರತೆಗೆಯಿರಿ.

ನಮ್ಮ ಗಿಡದ ಹೂ ಅರಳುವುದೇ ಇಲ್ಲ, ಮೊಗ್ಗಿನ ಹಾಗೇ ಇದ್ದು ಉದುರುತ್ತೆ. ಯಾಕೆ?

ಕೆಂಪು ಮೊಗ್ಗುಗಳು ಕೆಳಮುಖವಾಗಿ ತೂಗುತ್ತ, ಎಸಳು ಸುತ್ತಿಕೊಂಡೇ ಇದ್ದು, ತುದಿಯಿಂದ ಕೇಸರದ ದಂಡ ಮಾತ್ರ ಹೊರಗೆ ಇಣುಕುತ್ತಿದ್ದರೆ ಅದು ದಾಸವಾಳವೇ ಅಲ್ಲ, ಮಾಲ್ವಾವಿಸ್ಕಸ್ ಎಂಬ ಅದರ ದಾಯಾದಿ. ಅದರ ಹೂ ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. ಇದಕ್ಕೆ ಔಷಧಿ ಹೊಡೆದವರೂ ಇದ್ದಾರೆ, ದಯವಿಟ್ಟು ಹೊಡೆಯಬೇಡಿ. ಗಿಡ ಆರೋಗ್ಯವಾಗಿಯೇ ಇದೆ, ಸೂರಕ್ಕಿಗಳಿಗೆ ಅದರ ಮಕರಂದ ಬಲು ಇಷ್ಟ.

ಬಾಲ್ಕನಿಯಲ್ಲಿ ಬೆಳೆಯಬಹುದಾ? ಎಷ್ಟು ಬಿಸಿಲು ಬೇಕು?

ದಿನಕ್ಕೆ ಆರು ಗಂಟೆ ನೇರ ಬಿಸಿಲು ಸಿಕ್ಕರೆ ಚೆನ್ನ. ನಾಲ್ಕು ಗಂಟೆ ಸಿಕ್ಕರೂ ಹೂ ಬರುತ್ತದೆ, ಕಡಿಮೆ ಬರುತ್ತದೆ. ಅದಕ್ಕಿಂತ ಕಡಿಮೆಯಾದರೆ ಎಲೆ ದೊಡ್ಡದಾಗಿ ಕಡುಹಸಿರಾಗುತ್ತದೆ, ಕೊಂಬೆ ಬೆಳಕಿನ ಕಡೆಗೆ ಉದ್ದುದ್ದ ಚಾಚುತ್ತದೆ, ಹೂ ಮಾತ್ರ ಇಲ್ಲ. ಬೆಳಗಿನ ಬಿಸಿಲು ಬೀಳುವ ಬಾಲ್ಕನಿ ಒಳ್ಳೆಯದು. ಹೈಬ್ರಿಡ್‌ಗಳಿಗೆ ಸುಡುಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ತೆಳು ನೆರಳು ಬೇಕು. ಉಷ್ಣತೆ 16ರಿಂದ 32 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಿಡ ಹಿಗ್ಗಿ ಬೆಳೆಯುತ್ತದೆ. 10 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಂತು ಎಲೆ ಹಳದಿಯಾಗುತ್ತದೆ. ಹಿಮ ಬೀಳುವ ಕಡೆ ಕುಂಡದಲ್ಲೇ ಬೆಳೆಸಿ ಚಳಿಗಾಲಕ್ಕೆ ಒಳಗೆ ತರಬೇಕು.

## ನೆಡುವುದು, ನೀರು, ಗೊಬ್ಬರ, ಸವರುವುದು

ಕುಂಡ ಎಷ್ಟು ದೊಡ್ಡದಿರಬೇಕು? ಒಂದೇ ಸಲ ದೊಡ್ಡದಕ್ಕೆ ಹಾಕಬಹುದಾ?

ಹಾಕಬೇಡಿ. ಸಣ್ಣ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಣ್ಣೆಲ್ಲ ವಾರಗಟ್ಟಲೆ ಹಸಿಯಾಗಿಯೇ ಉಳಿದು, ಬೇರು ಕೊಳೆಯುವ ರೋಗ ಅಲ್ಲಿಂದಲೇ ಶುರುವಾಗುತ್ತದೆ. ಎಳೆ ಗಿಡಕ್ಕೆ 8 ಇಂಚು, ವರ್ಷದ ಮೇಲೆ 12 ಇಂಚು, ಬೆಳೆದ ಗಿಡಕ್ಕೆ 14ರಿಂದ 16 ಇಂಚು ಸಾಕು.

ಮಣ್ಣಿಗೆ: ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು. 12 ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಜಿಗುಟು ಮಣ್ಣಾದರೆ ಮರಳು ಹೆಚ್ಚಿಸಿ, ಬೇಗ ಒಣಗುವ ಮಣ್ಣಾದರೆ ಸ್ವಲ್ಪ ತೆಂಗಿನ ನಾರಿನ ಪುಡಿ ಸೇರಿಸಿ. ತುಂಬಿದ ಮೇಲೆ ಒಂದು ಲೀಟರ್ ನೀರು ಹೊಯ್ದು ನೋಡಿ: ಒಂದೆರಡು ನಿಮಿಷದೊಳಗೆ ಕೆಳಗಿನ ತೂತಿನಿಂದ ಹರಿಯಬೇಕು. ಮೇಲೆ ಕೊಳದಂತೆ ನಿಂತರೆ ಆ ಮಿಶ್ರಣ ಬೇಡ, ಮತ್ತೆ ಕಲಸಿ. ಮಣ್ಣಿನ ಪಿಎಚ್ 6ರಿಂದ 6.8ರೊಳಗೆ, ಎಂದರೆ ಸ್ವಲ್ಪ ಹುಳಿ ಕಡೆಗಿರಬೇಕು.

ಎರಡು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಬೇರಿನ ಮುದ್ದೆಯ ಸುತ್ತ 3–4 ಸೆಂ.ಮೀ. ಕೊಯ್ದು, ಹೊಸ ಮಣ್ಣು ತುಂಬಿ ಅದೇ ಕುಂಡಕ್ಕೆ ಹಾಕಬಹುದು. ಅದೇ ದಿನ ಮೇಲಿನ ಕೊಂಬೆಗಳನ್ನೂ ಮೂರನೇ ಒಂದರಷ್ಟು ಇಳಿಸಿ. ಬೇರು ಕಡಿಮೆಯಾದ ಮೇಲೆ ಅಷ್ಟು ಎಲೆಗೆ ನೀರು ಒದಗಿಸಲು ಗಿಡಕ್ಕೆ ಆಗುವುದಿಲ್ಲ.

ದಿನಾ ನೀರು ಹಾಕಬೇಕಾ?

ಕ್ಯಾಲೆಂಡರ್ ನೋಡಿ ಹಾಕುವುದಲ್ಲ, ಬೆರಳಿಟ್ಟು ನೋಡಿ ಹಾಕುವುದು. ಬೆರಳಿನ ಎರಡು ಗೆಣ್ಣಿನಷ್ಟು ಆಳದಲ್ಲಿ ಮಣ್ಣು ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕಡುಬೇಸಿಗೆಯಲ್ಲಿ ಸಣ್ಣ ಕುಂಡಕ್ಕೆ ದಿನಕ್ಕೆರಡು ಸಲ ಬೇಕಾದೀತು, ಮೋಡ ಕವಿದ ದಿನಗಳಲ್ಲಿ ನಾಲ್ಕು ದಿನಕ್ಕೊಮ್ಮೆ ಸಾಕು. ನಡು ಮಧ್ಯಾಹ್ನ ಎಲೆ ಜೋತು ಬಿದ್ದು ಸಂಜೆಗೆ ತಾನೇ ಎದ್ದು ನಿಂತರೆ ಅದು ಬಿಸಿಲಿನ ದಣಿವು. ಬೆಳಿಗ್ಗೆಯೂ ಜೋತಿದ್ದು ಮಣ್ಣು ಹಸಿ ಇದ್ದರೆ ಬೇರು ಕೊಳೆತಿದೆ ಎಂದರ್ಥ. ಆಗ ಇನ್ನಷ್ಟು ನೀರು ಹಾಕುವುದೇ ಎಲ್ಲರೂ ಮಾಡುವ ತಪ್ಪು.

ಎಲುಬಿನ ಪುಡಿ, ಡಿಎಪಿ ಹಾಕಿದರೆ ಹೂ ಜಾಸ್ತಿ ಬರುತ್ತೆ ಅಂತಾರೆ. ನಿಜಾನಾ?

ದಾಸವಾಳದ ಮಟ್ಟಿಗೆ ನಿಜವಲ್ಲ, ಈ ಒಂದು ನಂಬಿಕೆಯಿಂದ ಹಾಳಾದ ಗಿಡಗಳು ಬಹಳ. ಎಲುಬಿನ ಪುಡಿ, ಡಿಎಪಿ ಎರಡೂ ರಂಜಕ ಹೆಚ್ಚಿರುವ ಗೊಬ್ಬರಗಳು. ‘ರಂಜಕ ಹೂವಿಗೆ’ ಎಂಬ ಮಾತು ಬೇರೆ ಗಿಡಗಳ ಅನುಭವದಿಂದ ಬಂದದ್ದು. ದಾಸವಾಳಕ್ಕೆ ರಂಜಕ ಬೇಕಾದದ್ದು ಚೂರೇ ಚೂರು. ಹೆಚ್ಚಾದದ್ದು ಮಣ್ಣಿನಲ್ಲಿ ಉಳಿದು, ಕಬ್ಬಿಣ, ಸತುವಿನಂಥ ಪೋಷಕಾಂಶಗಳು ಬೇರಿಗೆ ಸಿಗದಂತೆ ಕಟ್ಟಿಹಾಕುತ್ತದೆ. ಆಗ ಹೊಸ ಎಲೆ ಬಿಳಿಚಿಕೊಂಡು ಕುಡಿ ಸಣ್ಣಗಾಗುತ್ತದೆ. ಕುಡಿಯೇ ಇಲ್ಲದಿದ್ದರೆ ಹೂ ಎಲ್ಲಿಂದ?

ಬೇಕಾದದ್ದು ಪೊಟ್ಯಾಷ್ ಹೆಚ್ಚು, ಸಾರಜನಕ ಮಧ್ಯಮ, ರಂಜಕ ಕಡಿಮೆ. ಚೀಲದ ಮೇಲಿನ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನವು; ನಡುವಿನದು ಎಲ್ಲಕ್ಕಿಂತ ಚಿಕ್ಕದಿರಬೇಕು, 10-4-12ರ ಹಾಗೆ. ಅಂಥದ್ದು ಸಿಗದಿದ್ದರೆ 13-0-45 (ಪೊಟ್ಯಾಸಿಯಮ್ ನೈಟ್ರೇಟ್) ಲೀಟರಿಗೆ 2 ಗ್ರಾಂ ಕರಗಿಸಿ 15 ದಿನಕ್ಕೊಮ್ಮೆ ಬುಡಕ್ಕೆ ಕೊಡಿ. ಜೊತೆಗೆ ಎರಡು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ. ಕೊಟ್ಟಿಗೆ ಗೊಬ್ಬರದಲ್ಲಿ ಇರುವ ರಂಜಕವೇ ಗಿಡಕ್ಕೆ ಸಾಕಾಗುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಇರುವುದರಿಂದ ಕುಂಡಕ್ಕೆ ಅದು ಬೇಡ, ಸಲ್ಫೇಟ್ ಆಫ್ ಪೊಟ್ಯಾಷ್ ಒಳ್ಳೆಯದು.

ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬಾರದು. ಮೊದಲು ಸಾದಾ ನೀರು, ಆಮೇಲೆ ಗೊಬ್ಬರ. ಎಲೆಯ ಅಂಚು ಸುಟ್ಟಂತೆ ಕಂದಾದರೆ ಉಪ್ಪು ಕೂಡಿಕೊಂಡಿದೆ ಎಂದು ತಿಳಿದು, ಕುಂಡದ ಅಳತೆಯ ಮೂರು ಪಟ್ಟು ನೀರು ಹರಿಸಿ ಮಣ್ಣು ತೊಳೆಯಿರಿ, ಮುಂದಿನ ತಿಂಗಳು ಗೊಬ್ಬರ ನಿಲ್ಲಿಸಿ.

ಬಾಳೆಹಣ್ಣಿನ ಸಿಪ್ಪೆ, ಟೀ ಪುಡಿ, ಬೂದಿ ಹಾಕಬಹುದಾ?

ಸಿಪ್ಪೆಯನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ, ಕಳಿತ ಮೇಲೆ ತನ್ನಿ. ಹಸಿಯಾಗಿ ಬುಡದಲ್ಲಿಟ್ಟರೆ ನೊಣ, ಇರುವೆ ಬರುತ್ತವೆ. ಟೀ ಪುಡಿಯಲ್ಲಿ ಸಕ್ಕರೆ, ಹಾಲಿನ ಅಂಶ ಇರದಂತೆ ತೊಳೆದು ಒಣಗಿಸಿ ಹಾಕಬೇಕು, ಅದೂ ತಿಂಗಳಿಗೊಂದು ಚಮಚ. ಬೂದಿ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುವುದರಿಂದ ದಾಸವಾಳಕ್ಕೆ ಬೇಡವೇ ಬೇಡ.

ಕತ್ತರಿಸಲು ಮನಸ್ಸೇ ಬರಲ್ಲ. ಸವರಲೇಬೇಕಾ?

ಸವರದ ಗಿಡ ಕೆಳಗೆಲ್ಲ ಬೋಳಾಗಿ, ಹೂವೆಲ್ಲ ಕೈಗೆಟುಕದ ತುದಿಯಲ್ಲೇ ಉಳಿಯುತ್ತದೆ. ಒಂದು ಕೊಂಬೆ ಕತ್ತರಿಸಿದರೆ ಅದರ ಕೆಳಗಿನ ಗೆಣ್ಣುಗಳಿಂದ ಎರಡು ಮೂರು ಕುಡಿ ಒಡೆಯುತ್ತವೆ. ಹೂ ಬಿಡುವ ತುದಿಗಳು ಅಷ್ಟು ಪಟ್ಟು ಹೆಚ್ಚಿದವು.

ಹೊರಮುಖವಾಗಿರುವ ಗೆಣ್ಣನ್ನು ಆರಿಸಿ, ಅದಕ್ಕಿಂತ ಅರ್ಧ ಸೆಂ.ಮೀ. ಮೇಲೆ ಓರೆಯಾಗಿ ಕತ್ತರಿಸಿ. ಕತ್ತರಿ ಹರಿತವಿರಲಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಸ್ಪಿರಿಟ್‌ನಲ್ಲಿ ಒರೆಸಿ. ಒಮ್ಮೆಗೆ ಮೂರನೇ ಒಂದಕ್ಕಿಂತ ಹೆಚ್ಚು ಬೇಡ. ಸವರಿದ ಕೊಂಬೆಯಲ್ಲಿ ಮತ್ತೆ ಹೂ ಬರಲು ಎರಡು ಮೂರು ತಿಂಗಳಾದರೂ ಬೇಕು, ಹಾಗಾಗಿ ಹೂ ತಪ್ಪಬಾರದು ಎನ್ನುವವರು ಈ ತಿಂಗಳು ಮೂರರಲ್ಲಿ ಒಂದು ಪಾಲು ಕೊಂಬೆ, ಮುಂದಿನ ತಿಂಗಳು ಇನ್ನೊಂದು ಪಾಲು ಹೀಗೆ ಸರದಿಯಲ್ಲಿ ಸವರಿ. ಕಡು ಚಳಿ ಇರುವಾಗ ಸವರಬಾರದು. ಕುಡಿ ಒಡೆಯುವುದಿಲ್ಲ, ಗಾಯ ಒಣಗಿ ಕೊಂಬೆ ಕೆಳಗಿನವರೆಗೆ ಸಾಯುತ್ತ ಬರುತ್ತದೆ.

## ತೊಂದರೆಗಳು

ಮೊಗ್ಗು ತುಂಬಾ ಬರುತ್ತೆ, ಅರಳುವ ಮೊದಲೇ ಉದುರುತ್ತೆ. ಏನು ಹೊಡೆಯಲಿ?

ಮೊದಲು ಏನನ್ನೂ ಹೊಡೆಯಬೇಡಿ. ಬಿದ್ದ ಮೊಗ್ಗನ್ನು ಎತ್ತಿ, ಬಿಳಿ ಕಾಗದದ ಮೇಲಿಟ್ಟು, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಕಾರಣ ಅಲ್ಲೇ ಸಿಗುತ್ತದೆ.

ಒಳಗೆ ಒಂದೆರಡು ಮಿಲಿಮೀಟರ್ ಉದ್ದದ, ಬಿಳಿ ಅಥವಾ ಹಳದಿ ಹುಳುಗಳಿದ್ದು, ಬೆಳಕು ತಾಗಿದಾಗ ಮೈ ಬಾಗಿಸಿ ಚಿಮ್ಮುತ್ತಿದ್ದರೆ ಅದು ಮೊಗ್ಗಿನ ಮಿಡ್ಜ್ ನೊಣದ ಮರಿ. ತಾಯಿ ನೊಣ ಮೊಗ್ಗಿನ ತುದಿಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗೆ ತಿಂದು ಬೆಳೆಯುತ್ತದೆ, ಮೊಗ್ಗು ಉದುರಿದಾಗ ಮಣ್ಣಿಗಿಳಿದು ಕೋಶ ಕಟ್ಟುತ್ತದೆ, ಸುಮಾರು ಮೂರು ವಾರದಲ್ಲಿ ಹೊಸ ನೊಣ ಸಿದ್ಧ. ಮರಿ ಮೊಗ್ಗಿನೊಳಗೆ ಭದ್ರವಾಗಿರುವುದರಿಂದ ಮೇಲಿನಿಂದ ಹೊಡೆದ ಔಷಧಿ ಅದಕ್ಕೆ ತಾಗುವುದೇ ಇಲ್ಲ. ಸರಪಳಿ ಕಡಿಯುವುದೊಂದೇ ದಾರಿ: ಬಿದ್ದ ಮೊಗ್ಗುಗಳನ್ನೂ ಗಿಡದಲ್ಲೇ ಹಳದಿಯಾದವನ್ನೂ ದಿನಾ ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಬಿಸಿಲಿನಲ್ಲಿಡಿ. ಗೊಬ್ಬರ ಗುಂಡಿಗೆ ಎಸೆದರೆ ಹುಳುವನ್ನು ಸಾಕಿದಂತೆ. ನಾಲ್ಕೈದು ವಾರ ಒಂದು ದಿನವೂ ತಪ್ಪಿಸದೆ ಮಾಡಬೇಕು. ಉಪದ್ರವ ಜೋರಾಗಿದ್ದರೆ ಗಟ್ಟಿ ಮನಸ್ಸು ಮಾಡಿ ಎರಡು ಮೂರು ವಾರ ಬರುವ ಎಲ್ಲ ಮೊಗ್ಗುಗಳನ್ನೂ ಕಿತ್ತುಬಿಡಿ, ನೊಣಕ್ಕೆ ಮೊಟ್ಟೆ ಇಡಲು ಜಾಗವೇ ಇರುವುದಿಲ್ಲ.

ಎಸಳಿನ ಅಂಚು ಕಂದಾಗಿ, ಗೀರುಗೀರಾಗಿದ್ದು, ಕೂದಲೆಳೆಯಷ್ಟು ಸಪೂರ ಕೀಟಗಳು ಓಡಾಡಿದರೆ ಅದು ಥ್ರಿಪ್ಸ್. ಬೇವಿನೆಣ್ಣೆ ಸಿಂಪಡಣೆ ವಾರಕ್ಕೊಮ್ಮೆ, ಮೂರು ಸಲ.

ಒಳಗೆ ಏನೂ ಇಲ್ಲ, ಮೊಗ್ಗು ಸ್ವಚ್ಛವಾಗಿದೆ, ತೊಟ್ಟಿನ ಮೇಲ್ತುದಿಯ ಗಂಟಿನಲ್ಲಿ ನಯವಾಗಿ ಕಳಚಿದೆ ಎಂದರೆ ಗಿಡ ತಾನೇ ಬಿಟ್ಟುಕೊಟ್ಟದ್ದು. ಒಂದು ದಿನ ನೀರು ತಪ್ಪಿರಬಹುದು, 35 ಡಿಗ್ರಿ ದಾಟಿದ ಸೆಕೆ ಇರಬಹುದು, ಕುಂಡವನ್ನು ಬೇರೆ ಕಡೆಗೆ ಸರಿಸಿರಬಹುದು, ಅಥವಾ ವಾರವಿಡೀ ಮೋಡವಿದ್ದಿರಬಹುದು. ಎಸಳುಗಳು ಒತ್ತೊತ್ತಾಗಿ ತುಂಬಿರುವ ಮುದ್ದೆ ದಾಸವಾಳಗಳಲ್ಲಿ ಇದು ಐದೆಸಳಿನವಕ್ಕಿಂತ ಹೆಚ್ಚು. ಬುಡಕ್ಕೆ ಒಣ ಎಲೆಯ ಹೊದಿಕೆ ಕೊಟ್ಟು ನೀರು ಒಂದೇ ಹದದಲ್ಲಿಟ್ಟರೆ ಎರಡು ವಾರದಲ್ಲಿ ಸುಧಾರಿಸುತ್ತದೆ.

ತಂದಾಗ ಗಿಡ್ಡಕ್ಕೆ ಹೂ ತುಂಬಿತ್ತು. ಈಗ ಉದ್ದುದ್ದ ಬೆಳೀತಿದೆ, ಹೂವೇ ಇಲ್ಲ. ಮೋಸ ಹೋದೆವಾ?

ಮಾರಾಟಕ್ಕೆ ಬೆಳೆಸುವ ಕುಂಡದ ದಾಸವಾಳಗಳಿಗೆ ಗಿಡ್ಡ ಮಾಡುವ ಬೆಳವಣಿಗೆ ನಿಯಂತ್ರಕಗಳನ್ನು ಕೊಡುವುದು ಸಾಮಾನ್ಯ. ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ಗಿಡ ಗುಂಡಗೆ ಕಾಣುತ್ತದೆ. ಕೆಲವು ತಿಂಗಳಲ್ಲಿ ಅದರ ಪ್ರಭಾವ ಇಳಿದು ಗಿಡ ತನ್ನ ನಿಜವಾದ ಅಳತೆಗೆ ಮರಳುತ್ತದೆ. ಕಡ್ಡಿಯನ್ನು ಗಮನಿಸಿ: ಕೆಳಗೆ ಎಲೆಗಳು ಒತ್ತೊತ್ತಾಗಿದ್ದು, ಒಂದು ಹಂತದಿಂದ ಮೇಲೆ ದೂರ ದೂರವಾಗಿದ್ದರೆ ಇದೇ ಕಾರಣ. ಅದೇ ಹೊತ್ತಿಗೆ ಜಾಗವೂ ಬೆಳಕೂ ಬದಲಾಗಿರುವುದರಿಂದ ಹೂ ನಿಲ್ಲುತ್ತದೆ. ಉದ್ದವಾದ ಕುಡಿಗಳನ್ನು ಅರ್ಧಕ್ಕಿಳಿಸಿ, ಬಿಸಿಲಿಗಿಟ್ಟು, ಮೂರು ತಿಂಗಳು ಕಾಯಿರಿ.

ಕುಡಿಯಲ್ಲಿ ಬಿಳಿ ಹತ್ತಿ ಥರ ಅಂಟಿದೆ, ಎಲೆಯೆಲ್ಲ ಮುರುಟಿಕೊಂಡಿದೆ.

ಇದು ಹಿಟ್ಟು ತಿಗಣೆ. ದಾಸವಾಳಕ್ಕೆ ಹತ್ತುವುದರಲ್ಲಿ ಗುಲಾಬಿ ಬಣ್ಣದ್ದು ಎಲ್ಲಕ್ಕಿಂತ ಕೆಟ್ಟದ್ದು. ಬಿಳಿ ಹಿಟ್ಟನ್ನು ಬೆರಳಿನಿಂದ ಒರೆಸಿದರೆ ಒಳಗಿನ ಮೈ ಗುಲಾಬಿಯಾಗಿ ಕಾಣುತ್ತದೆ. ಅದರ ಜೊಲ್ಲು ಗಿಡಕ್ಕೆ ವಿಷ, ಅದರಿಂದಲೇ ಕುಡಿ ಮುದ್ದೆಯಾಗಿ ಎಲೆ ಮುರುಟುವುದು. 1994ರಲ್ಲಿ ಇದು ಗ್ರೆನಡಾದಲ್ಲಿ ಕಾಣಿಸಿಕೊಂಡು ಕೆರಿಬಿಯನ್ ದ್ವೀಪಗಳಿಗೆಲ್ಲ ಹಬ್ಬಿತು. ಅಲ್ಲಿ ಅದನ್ನು ಹತೋಟಿಗೆ ತಂದದ್ದು ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಅನಾಗೈರಸ್ ಕಮಾಲಿ ಎಂಬ ಸಣ್ಣ ಪರತಂತ್ರ ಕಣಜ ಮತ್ತು ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು. ಈ ಗುಲಗಂಜಿಯ ಮರಿಯ ಮೈಮೇಲೂ ಬಿಳಿ ಎಳೆಗಳಿರುತ್ತವೆ. ಹಿಟ್ಟು ತಿಗಣೆಗಿಂತ ದೊಡ್ಡದಾಗಿ, ಚುರುಕಾಗಿ ಓಡುತ್ತಿದ್ದರೆ ಕೊಲ್ಲಬೇಡಿ, ಅದು ನಿಮ್ಮ ಪರ.

ಮುರುಟಿದ ಕುಡಿ ಸರಿಹೋಗುವುದಿಲ್ಲ, ಒಂದು ಗೇಣು ಕೆಳಗೆ ಕತ್ತರಿಸಿ ಚೀಲದಲ್ಲಿ ಕಟ್ಟಿ. ಉಳಿದದ್ದಕ್ಕೆ ನೀರಿನ ರಭಸದ ಧಾರೆ ಬಿಡಿ. ಆಮೇಲೆ 5 ಮಿ.ಲೀ. ಬೇವಿನೆಣ್ಣೆಯನ್ನು 2 ಮಿ.ಲೀ. ದ್ರವ ಸಾಬೂನಿನ ಜೊತೆ ಮೊದಲು ಬೆರೆಸಿ, ನಂತರ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಹಾಕಿ ಕಲಕಿ, ಸಂಜೆ ಎಲೆಯ ಎರಡೂ ಮಗ್ಗುಲಿಗೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊಟ್ಟೆಗಳು ಹತ್ತಿಯಂಥ ಚೀಲದೊಳಗೆ ಉಳಿದುಕೊಳ್ಳುವುದರಿಂದ ಏಳು ದಿನಕ್ಕೊಮ್ಮೆ ಮೂರು ಸಲವಾದರೂ ಬೇಕು. ಇರುವೆಗಳನ್ನು ತಡೆಯದಿದ್ದರೆ ಇದೆಲ್ಲ ವ್ಯರ್ಥ: ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಅವು ಅದಕ್ಕೆ ಕಾವಲು ನಿಂತು ಅದರ ಶತ್ರುಗಳನ್ನು ಓಡಿಸುತ್ತವೆ. ಕುಂಡದ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ. ಮ್ಯಾಲಥಿಯಾನ್ ಎಂಬ ಕೀಟನಾಶಕವನ್ನು ಮಾತ್ರ ದಾಸವಾಳಕ್ಕೆ ಹೊಡೆಯಬೇಡಿ, ಎಲೆಯೆಲ್ಲ ಉದುರಿಬಿಡುತ್ತದೆ.

ಎಲೆ ಹಳದಿಯಾಗ್ತಿದೆ. ಎಪ್ಸಮ್ ಉಪ್ಪು ಹಾಕಲಾ?

ಯಾವ ಎಲೆ ಎಂದು ಮೊದಲು ನೋಡಿ. ಅಡಿಯ ಒಂದೆರಡು ಹಳೆಯ ಎಲೆ ಪೂರ್ತಿ ಹಳದಿಯಾಗಿ ಬೀಳುವುದು ಸಹಜ, ಋತು ಬದಲಾಗುವಾಗ ಹೆಚ್ಚು. ತುದಿಯ ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ: ಚಿಲೇಟೆಡ್ ಕಬ್ಬಿಣ (ಬೇರಿಗೆ ಸುಲಭವಾಗಿ ಸಿಗುವ ರೂಪದ ಕಬ್ಬಿಣ) ಕೊಡಿ, ರಂಜಕ ನಿಲ್ಲಿಸಿ, ಮಣ್ಣಿನ ಪಿಎಚ್ ಪರೀಕ್ಷಿಸಿ. ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಮ್ ಕೊರತೆ. ಎಪ್ಸಮ್ ಉಪ್ಪಿನ (ಮೆಗ್ನೀಸಿಯಮ್ ಸಲ್ಫೇಟ್) ಕೆಲಸ ಇಲ್ಲಿ ಮಾತ್ರ, ಲೀಟರಿಗೆ 5 ಗ್ರಾಂ, ಎಲೆಗೆ ಸಿಂಪಡಿಸಿ, ತಿಂಗಳಿಗೊಮ್ಮೆ. ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಇದ್ದರೆ ನುಸಿ. ಎಲೆಯ ತಳಕ್ಕೆ ವಾರವಿಡೀ ನೀರು ಚಿಮುಕಿಸಿದರೆ ಬಹುಪಾಲು ಹೋಗುತ್ತದೆ. ಇಡೀ ಗಿಡವೇ ಒಟ್ಟಿಗೆ ಹಳದಿಯಾದರೆ ಬೇರಿನಲ್ಲೇ ತೊಂದರೆ, ಕುಂಡದಿಂದ ತೆಗೆದು ನೋಡಿ.

## ಬಳಕೆ

ಕೂದಲಿಗೆ ಎಲೆ ಒಳ್ಳೆಯದಾ, ಹೂ ಒಳ್ಳೆಯದಾ?

ತೊಳೆಯಲು ಎಲೆ. ಅದರ ಲೋಳೆಯೇ ಕೂದಲನ್ನು ನುಣುಪು ಮಾಡುವುದು, ಸಿಕ್ಕು ಬಿಡಿಸುವುದು. ಹತ್ತು ಹನ್ನೆರಡು ಬಲಿತ ಎಲೆಗಳನ್ನು ತೊಳೆದು, ಹರಿದು, ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕೈಯಿಂದ ಕಿವುಚಿ. ನೀರು ದಪ್ಪಗಾಗಿ ಬೆರಳಿನಿಂದ ಎಳೆಯೆಳೆಯಾಗಿ ಇಳಿಯತೊಡಗಿದಾಗ ಬಟ್ಟೆಯಲ್ಲಿ ಸೋಸಿ. ಮಿಕ್ಸಿಯಲ್ಲಿ ತೀರ ನುಣ್ಣಗೆ ರುಬ್ಬಿದರೆ ಎಲೆಯ ಚೂರುಗಳು ಕೂದಲಲ್ಲಿ ಸಿಕ್ಕಿಕೊಳ್ಳುತ್ತವೆ. ಹೊತ್ತು ಕಳೆದಂತೆ ಹುಳಿ ವಾಸನೆ ಬರುತ್ತದೆ, ಅಂದಿನದನ್ನು ಅಂದೇ ಬಳಸಿ. ಸಾಬೂನಿನಷ್ಟು ಜಿಡ್ಡು ತೆಗೆಯುವುದಿಲ್ಲ, ಎಣ್ಣೆ ಹಚ್ಚಿದ ತಲೆಗೆ ಎರಡು ಸಲ ಬೇಕು.

ಹೂವನ್ನು ಎಣ್ಣೆಯಲ್ಲಿ ಕಾಯಿಸುವವರು ಎಸಳುಗಳನ್ನು ನೆರಳಲ್ಲಿ ಪೂರ್ತಿ ಒಣಗಿಸಿಯೇ ಹಾಕಬೇಕು. ಹಸಿ ಇದ್ದರೆ ಎಣ್ಣೆ ಸಿಡಿಯುತ್ತದೆ, ಬೇಗ ಕಮಟು ಹಿಡಿಯುತ್ತದೆ. ಕೂದಲು ಬೆಳೆಯುತ್ತದೆಯೇ ಎಂದರೆ, ಎಲೆಯ ಸಾರ ಆ ದಿಕ್ಕಿನಲ್ಲಿ ಕೆಲಸ ಮಾಡಿದ್ದು ಕಂಡಿರುವುದು ಇಲಿಗಳ ಮೇಲಿನ ಪ್ರಯೋಗದಲ್ಲಿ. ಬೋಳು ತಲೆಗೆ ಮದ್ದು ಎಂದು ನಂಬಿ ವೈದ್ಯರ ಬಳಿ ಹೋಗುವುದನ್ನು ತಡಮಾಡಬೇಡಿ.

ಹೈಬಿಸ್ಕಸ್ ಟೀ ಅಂತ ಸಿಗುತ್ತಲ್ಲ, ಅದು ನಮ್ಮ ಗಿಡದ ಹೂವೇನಾ?

ಅಲ್ಲ. ಆ ಹುಳಿ ಕೆಂಪು ಪಾನೀಯ ಹೈಬಿಸ್ಕಸ್ ಸಬ್ದಾರಿಫಾ ಎಂಬ ಪುಂಡಿ ಜಾತಿಯ ಗಿಡದ್ದು. ಅದರಲ್ಲಿ ಬಳಸುವುದು ಎಸಳನ್ನಲ್ಲ, ಹೂ ಬಿದ್ದ ಮೇಲೆ ಕಾಯಿಯ ಸುತ್ತ ದಪ್ಪಗೆ ಬೆಳೆಯುವ ಕೆಂಪು ಪುಷ್ಪಪಾತ್ರೆಯನ್ನು. ಮನೆಯ ಕೆಂಪು ದಾಸವಾಳದ ಎಸಳನ್ನೂ ತಿನ್ನಬಹುದು, ಆದರೆ ರುಚಿ ಸಪ್ಪೆ, ಹುಳಿ ಇಲ್ಲ. ಔಷಧಿ ಸಿಂಪಡಿಸಿದ ಗಿಡದ ಹೂ, ಹೊಸದಾಗಿ ತಂದ ಗಿಡದ ಹೂ ತಿನ್ನಬಾರದು. ಗರ್ಭಿಣಿಯರು, ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವವರು ದಾಸವಾಳ ಸೇವಿಸದಿರುವುದೇ ಒಳ್ಳೆಯದು. ರಕ್ತದೊತ್ತಡ, ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ.

ಹೂವಿನಿಂದ ಆಮ್ಲ–ಕ್ಷಾರ ಪರೀಕ್ಷೆ ಮಾಡೋದು ಹೇಗೆ?

ಐದಾರು ಕಡುಗೆಂಪು ಹೂವಿನ ಎಸಳುಗಳನ್ನು ಒಂದು ಬಟ್ಟಲು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ಸೋಸಿ. ಈ ನೀರಿಗೆ ನಿಂಬೆರಸ ಹಾಕಿದರೆ ಕಡು ಗುಲಾಬಿ, ಅಡುಗೆ ಸೋಡಾ ಅಥವಾ ಸಾಬೂನು ನೀರು ಹಾಕಿದರೆ ಹಸಿರು. ಬಣ್ಣ ಕೊಡುವ ಆಂಥೋಸಯಾನಿನ್ ಆಮ್ಲದಲ್ಲಿ ಒಂದು ರೂಪ, ಕ್ಷಾರದಲ್ಲಿ ಇನ್ನೊಂದು ರೂಪ ತಾಳುವುದೇ ಕಾರಣ. ಸೋಸುಕಾಗದವನ್ನು ಇದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಪಟ್ಟಿ ಮಾಡಿ ಡಬ್ಬಿಯಲ್ಲಿಡಬಹುದು. ಹಳದಿ, ಬಿಳಿ ಹೂಗಳಿಂದ ಇದು ಆಗದು.

## ಗಿಡ ಹೆಚ್ಚಿಸುವುದು, ಹೊಸ ತಳಿ

ಕಡ್ಡಿ ನೆಟ್ಟಾಗಲೆಲ್ಲ ಕೊಳೆತು ಹೋಗುತ್ತೆ. ಎಲ್ಲಿ ತಪ್ಪುತ್ತಿದ್ದೇವೆ?

ಬಹುತೇಕ ಎಲ್ಲರೂ ತಪ್ಪುವುದು ಎರಡು ಕಡೆ: ಕಡ್ಡಿಯ ಆಯ್ಕೆ ಮತ್ತು ಗೊಬ್ಬರದ ಮಣ್ಣು. ಎಳೆ ಹಸಿರು ತುದಿ ಕೊಳೆಯುತ್ತದೆ, ಬೂದುಬಣ್ಣಕ್ಕೆ ತಿರುಗಿದ ಹಳೆ ಕೊಂಬೆ ಬೇರು ಬಿಡಲು ತಿಂಗಳುಗಟ್ಟಲೆ ಮಾಡುತ್ತದೆ. ಹಸಿರು ಕಂದಿಗೆ ತಿರುಗುತ್ತಿರುವ, ಪೆನ್ಸಿಲ್ ದಪ್ಪದ ಭಾಗ ಬೇಕು. ಬಾಗಿಸಿದರೆ ಬಳುಕಬೇಕು, ಬಿಟ್ಟರೆ ನೆಟ್ಟಗಾಗಬೇಕು.

12ರಿಂದ 15 ಸೆಂ.ಮೀ. ಉದ್ದಕ್ಕೆ, ಕೆಳತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ. ಮೇಲಿನ ಎರಡು ಎಲೆ ಬಿಟ್ಟು ಉಳಿದವನ್ನೆಲ್ಲ ತೆಗೆಯಿರಿ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿ. ಮೊಗ್ಗಿದ್ದರೆ ಚಿವುಟಿ. ಕೆಳತುದಿಯನ್ನು ಬೇರು ಬರಿಸುವ ಪುಡಿಯಲ್ಲಿ ಅದ್ದಿ, ತೊಳೆದ ದಪ್ಪ ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದ್ದರಲ್ಲಿ ಎರಡು ಗೆಣ್ಣು ಮುಳುಗುವಂತೆ ನೆಡಿ. ಮೊದಲೇ ಕಡ್ಡಿಯಿಂದ ತೂತು ಮಾಡಿಕೊಂಡು ನೆಡದಿದ್ದರೆ ಪುಡಿಯೆಲ್ಲ ಮೇಲೇ ಉಳಿಯುತ್ತದೆ. ಗೊಬ್ಬರ ಚೂರೂ ಬೇಡ. ಪಾರದರ್ಶಕ ಚೀಲ ಮುಚ್ಚಿ, ನೆರಳಿನ ಬೆಳಕಿನಲ್ಲಿಡಿ. ಬೇರು ಬರಲು ನಾಲ್ಕರಿಂದ ಎಂಟು ವಾರ. ಎರಡನೇ ವಾರಕ್ಕೇ ಚಿಗುರು ಕಂಡರೂ ನಂಬಬೇಡಿ, ಅದು ಕಡ್ಡಿಯಲ್ಲಿದ್ದ ಸತ್ವದಿಂದ ಬಂದದ್ದು. ಎಳೆದು ನೋಡುವ ಚಪಲ ಬಂದಾಗ ಕೈ ಕಟ್ಟಿಕೊಳ್ಳಿ. ಕಾಣದ ಎಳೆ ಬೇರುಗಳು ಅಲ್ಲೇ ಕಿತ್ತುಹೋಗುತ್ತವೆ.

ಹೈಬ್ರಿಡ್ ಕಡ್ಡಿ ಬರೋದೇ ಇಲ್ಲ. ಕಸಿ ಕಟ್ಟಲೇಬೇಕಾ?

ಕೆಲವು ಹೈಬ್ರಿಡ್ ಕಡ್ಡಿಗಳೂ ಬೇರು ಬಿಡುತ್ತವೆ. ಆದರೆ ಅವುಗಳ ಸ್ವಂತ ಬೇರು ದುರ್ಬಲ, ಎರಡು ಮೂರು ವರ್ಷದಲ್ಲಿ ಗಿಡ ಸೊರಗುತ್ತದೆ. ಬಲವಾದ ನಾಟಿ ಗಿಡದ ಬುಡದ ಮೇಲೆ ಕಸಿ ಮಾಡುವುದು ಅದಕ್ಕೇ. ಬೇರು ಕಟ್ಟಿದ ನಾಟಿ ಕಡ್ಡಿಯ ತಲೆ ಕತ್ತರಿಸಿ, ನಡುವೆ 2.5 ಸೆಂ.ಮೀ. ಆಳಕ್ಕೆ ಸೀಳಿ. ಅಷ್ಟೇ ದಪ್ಪದ, 8 ಸೆಂ.ಮೀ. ಉದ್ದದ ಹೈಬ್ರಿಡ್ ಕಡ್ಡಿಯ ತುದಿಯನ್ನು ಎರಡೂ ಕಡೆ ಹೆರೆದು ಬೆಣೆಯ ಆಕಾರ ಮಾಡಿ, ಸೀಳಿನಲ್ಲಿ ಕೂರಿಸಿ. ತೊಗಟೆಯ ಒಳಗಿನ ಹಸಿರು ಪದರ ಒಂದು ಮಗ್ಗುಲಾದರೂ ಪರಸ್ಪರ ಕೂಡಲೇಬೇಕು. ಕಸಿ ಬೆಸೆಯುವುದು ಅಲ್ಲಿಯೇ. ಟೇಪು ಬಿಗಿಯಾಗಿ ಸುತ್ತಿ, ಚೀಲ ಮುಚ್ಚಿ ನೆರಳಲ್ಲಿಡಿ. ಮೂರರಿಂದ ಐದು ವಾರಕ್ಕೆ ಚಿಗುರಿನ ಮೊಗ್ಗು ಉಬ್ಬುತ್ತದೆ, ಆಗ ಚೀಲವನ್ನು ದಿನಕ್ಕಿಷ್ಟು ಹೊತ್ತು ಎಂದು ತೆರೆಯುತ್ತ ಹೋಗಿ.

ಕಸಿಗೆ ಕೈ ಪಳಗದವರಿಗೆ ಗೂಟಿ ಕಟ್ಟುವುದು, ಎಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು, ಸುಲಭ. ಪೆನ್ಸಿಲ್‌ಗಿಂತ ತುಸು ದಪ್ಪದ ಕೊಂಬೆಯಲ್ಲಿ 2.5 ಸೆಂ.ಮೀ. ಅಗಲಕ್ಕೆ ತೊಗಟೆಯ ಉಂಗುರ ತೆಗೆದು, ಜಾರುವ ಪದರವನ್ನು ಚಾಕುವಿನಿಂದ ಚೆನ್ನಾಗಿ ಕೆರೆದು, ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯನ್ನು ಮುಷ್ಟಿಯಷ್ಟು ಕಟ್ಟಿ, ಪ್ಲಾಸ್ಟಿಕ್ ಸುತ್ತಿ. ಕೆರೆಯದೆ ಬಿಟ್ಟರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಐದರಿಂದ ಎಂಟು ವಾರಕ್ಕೆ ಬಿಳಿ ಬೇರುಗಳು ಪ್ಲಾಸ್ಟಿಕ್‌ಗೆ ತಾಗಿ ಕಾಣುತ್ತವೆ.

ಹಳದಿ ಹೂ ಬಿಡುತ್ತಿದ್ದ ಗಿಡ ಈಗ ಕೆಂಪು ಬಿಡುತ್ತಿದೆ. ಇದು ಸಾಧ್ಯವಾ?

ಬುಡದ ಕಸಿ ಗಂಟಿನ ಕೆಳಗಿನಿಂದ ಬಂದ ಕುಡಿ ಗಿಡವನ್ನು ಆಕ್ರಮಿಸಿಕೊಂಡಿದೆ. ಅದು ನಾಟಿ ಗಿಡ, ಹೈಬ್ರಿಡ್‌ಗಿಂತ ಚುರುಕು. ಗಂಟಿನ ಕೆಳಗೆ ಬರುವ ಕುಡಿಗಳನ್ನು ಎಳೆಯವಾಗಿರುವಾಗಲೇ ಬುಡಸಹಿತ ಕಿತ್ತುಹಾಕಿ. ಮೇಲಿನ ಭಾಗ ಪೂರ್ತಿ ಸತ್ತಿದ್ದರೆ ಹಳದಿ ಮರಳಿ ಬರದು. ಬಣ್ಣ ಸ್ವಲ್ಪ ಮಾತ್ರ ಬದಲಾಗಿದ್ದರೆ, ಉದಾಹರಣೆಗೆ ಕಿತ್ತಳೆ ಬೇಸಿಗೆಯಲ್ಲಿ ಮಂಕಾಗಿ ತಂಪಿನಲ್ಲಿ ಗಾಢವಾದರೆ, ಅದು ಹವೆಯ ಪ್ರಭಾವ.

ನಮ್ಮ ಗಿಡದಲ್ಲಿ ಕಾಯಿ ಕಟ್ಟೋದೇ ಇಲ್ಲ. ಬೀಜ ಮಾಡಿ ಹೊಸ ಬಣ್ಣ ಪಡೆಯೋದು ಹೇಗೆ?

ಎಷ್ಟೋ ತಲೆಮಾರಿನಿಂದ ಕಡ್ಡಿಯಲ್ಲೇ ಬೆಳೆದುಬಂದ ನಾಟಿ ದಾಸವಾಳಗಳಲ್ಲಿ ಬಹಳಷ್ಟು ಬಂಜೆ. ಮುದ್ದೆ ಹೂಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಹಾಗಾಗಿ ಐದೆಸಳಿನ ಎರಡು ಬೇರೆ ಬೇರೆ ಹೈಬ್ರಿಡ್ ಆರಿಸಿ.

ಹೂವಿನ ನಡುವಿನ ದಂಡವನ್ನು ಹತ್ತಿರದಿಂದ ನೋಡಿ. ಮೈತುಂಬ ಹಳದಿ ಧೂಳಿನ ಗುಂಡಿಗಳಂತಿರುವುದು ಪರಾಗಕೋಶಗಳು. ತುದಿಯಲ್ಲಿ ಐದು ಕವಲು, ಒಂದೊಂದರ ಮೇಲೂ ಮಖಮಲ್ಲಿನಂಥ ಪುಟ್ಟ ದಿಂಬು, ಅದೇ ಶಲಾಕಾಗ್ರ. ತಂಪಾದ ಬೆಳಿಗ್ಗೆ, ಹೂ ಪೂರ್ತಿ ಬಿಚ್ಚಿದ ಮೇಲೆ, ತಂದೆ ಗಿಡದ ಹೂ ಕಿತ್ತು ಅದರ ಪರಾಗವನ್ನು ತಾಯಿ ಹೂವಿನ ಐದೂ ದಿಂಬುಗಳಿಗೆ ಮೆತ್ತಗೆ ಸವರಿ. ಸುಡುಸೆಕೆಯ ದಿನಗಳಲ್ಲಿ ಮಾಡಿದ್ದು ನಿಲ್ಲುವುದು ಕಡಿಮೆ. ತೊಟ್ಟಿಗೆ ಚೀಟಿ ಕಟ್ಟಿ: ತಾಯಿ, ತಂದೆ, ದಿನಾಂಕ. ಹೂ ಬಿದ್ದ ಮೇಲೂ ತೊಟ್ಟು ಹಸಿರಾಗಿ ಉಳಿದು, ಒಳಗಿನ ಕಾಯಿ ಉಬ್ಬಿದರೆ ಕೂಡಿದೆ. ಹತ್ತರಲ್ಲಿ ಒಂದೆರಡು ನಿಂತರೂ ಸಂತೋಷಪಡಬೇಕು.

ಕಾಯಿ ಬಲಿಯಲು ಆರರಿಂದ ಎಂಟು ವಾರ ಅಥವಾ ತುಸು ಹೆಚ್ಚು. ಬಲಿತಾಗ ಕಂದಾಗಿ ಸಿಡಿಯುವುದರಿಂದ ಮೊದಲೇ ಬಲೆಬಟ್ಟೆಯ ಚೀಲ ಕಟ್ಟಿ. ಬೀಜದ ಚೂಪು ತುದಿಯಲ್ಲಿ ಭ್ರೂಣವಿರುತ್ತದೆ, ಅದನ್ನು ಮುಟ್ಟದೆ ದುಂಡು ಕಡೆಯ ಸಿಪ್ಪೆಯನ್ನು ಬ್ಲೇಡಿನಿಂದ ಚೂರು ಕೆತ್ತಿ, ರಾತ್ರಿಯಿಡೀ ನೆನೆಸಿ, ಅರ್ಧ ಸೆಂ.ಮೀ. ಆಳಕ್ಕೆ ಬಿತ್ತಿ. ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಮೊದಲ ಹೂವಿಗೆ ಒಂದರಿಂದ ಒಂದೂವರೆ ವರ್ಷ ಬೇಕು. ಒಂದೇ ಕಾಯಿಯ ಬೀಜಗಳಲ್ಲಿ ಎರಡು ಗಿಡಗಳ ಹೂ ಒಂದೇ ಥರ ಇರುವುದಿಲ್ಲ, ತಾಯಿಯನ್ನೂ ಹೋಲುವುದಿಲ್ಲ. ಮೊದಲ ಹೂ ನೋಡಿ ಕಿತ್ತೆಸೆಯಬೇಡಿ. ಎಳೆ ಗಿಡದ ಮೊದಲ ಒಂದೆರಡು ಹೂ ಸಣ್ಣಗೆ, ಬಣ್ಣ ಮಂಕಾಗಿ ಬರುತ್ತವೆ. ನಾಲ್ಕನೆಯದೋ ಐದನೆಯದೋ ಅರಳುವವರೆಗೆ ಕಾಯಿರಿ.